‘ಆ ಹಳೇ ಮಕ್ಕಳ ಪುಸ್ತಕಗಳಲ್ಲಿ ಬರೀ ನೀತಿಪಾಠ ತಾನೇ?’

ಇನ್ನೂರು ವರ್ಷಗಳ ಹಿಂದೆ ಅಮೆರಿಕದ ಹೆಂಗಸರು ಬರೆದ ಮಕ್ಕಳ ಪುಸ್ತಕಗಳ ಮಾತೆತ್ತಿದಾಗಲೆಲ್ಲ ನನಗೆ ಈ ಪ್ರಶ್ನೆ ಬರುತ್ತದೆ. ‘ಸುಳ್ಳು ಹೇಳಬೇಡ, ಅಮ್ಮನ ಮಾತು ಕೇಳು, ಬೆಕ್ಕಿನ ಬಾಲ ಎಳೆಯಬೇಡ. ಇಷ್ಟು ಬಿಟ್ಟರೆ ಅವುಗಳಲ್ಲಿ ಏನಿದೆ? ಯಾಕೆ ಓದ್ತೀರಿ?’

ನೀತಿಪಾಠ ಇದೆ, ಜಾಸ್ತಿಯೇ ಇದೆ. ನನ್ನನ್ನು ಹಿಡಿದು ಕೂರಿಸಿದ್ದೂ ಅದೇ. ಆಗಿನ ಅಮೆರಿಕದಲ್ಲಿ ಹೆಂಗಸು ಸಾರ್ವಜನಿಕ ಸಭೆಯಲ್ಲಿ ಎದ್ದು ಮಾತಾಡಿದರೆ ಜನ ಮುಖ ಸಿಂಡರಿಸುತ್ತಿದ್ದರು. ವೋಟು ಇರಲಿಲ್ಲ. ಮದುವೆಯಾದವಳು ದುಡಿದ ದುಡ್ಡು ಕಾನೂನಿನ ಪ್ರಕಾರ ಗಂಡನದ್ದು. ಆದರೆ ಮಕ್ಕಳಿಗೆ ಬುದ್ಧಿ ಹೇಳುವುದು ಅವಳ ಕೆಲಸ ಎಂದು ಎಲ್ಲರೂ ಒಪ್ಪಿದ್ದರು. ಅದೊಂದು ಒಪ್ಪಿಗೆ ಇಟ್ಟುಕೊಂಡು ಕೆಲವರು ಎಷ್ಟು ದೂರ ಹೋದರು ಅನ್ನುವುದನ್ನು ಹೇಳಿದರೆ ನನ್ನ ಉತ್ತರ ಸಿಕ್ಕ ಹಾಗೆ.

ಶುರುವಿನಲ್ಲಿ ಅಲ್ಲಿನ ಲೇಖಕಿಯರಿಗೆ ಅಂಗಡಿಯಲ್ಲೇ ಜಾಗವಿರಲಿಲ್ಲ. 1790ರ ಕಾಪಿರೈಟ್ ಕಾಯ್ದೆ ಸ್ವದೇಶಿ ಲೇಖಕರಿಗೆ ಮಾತ್ರ ರಕ್ಷಣೆ ಕೊಟ್ಟಿತ್ತು. ಹೊರಗಿನ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು, ಬರೆದವರಿಗೆ ಒಂದು ಕಾಸೂ ಕೊಡಬೇಕಿರಲಿಲ್ಲ. 1891ರವರೆಗೂ ಹೀಗೇ ನಡೆಯಿತು. ಹಾಗಾಗಿ ಇಂಗ್ಲೆಂಡಿನ ಅನ್ನಾ ಬಾರ್ಬೋಲ್ಡ್, ಐರ್ಲೆಂಡಿನಲ್ಲಿದ್ದ ಮರಿಯಾ ಎಜ್‌ವರ್ತ್ ಬರೆದದ್ದೆಲ್ಲ ಅಮೆರಿಕದಲ್ಲಿ ಪುಕ್ಕಟೆ ಸರಕು. ಅಲ್ಲಿನ ಮಕ್ಕಳು ಬೇರೆ ದೇಶದ ಹಳ್ಳಿ, ಬೇರೆ ದೇಶದ ಶ್ರೀಮಂತರ ಕಥೆ ಓದಿಕೊಂಡೇ ಬೆಳೆದರು. 1820ರ ದಶಕದಲ್ಲಿ ಗಾಳಿ ಬದಲಾಯಿತು. ನಮ್ಮ ಮಕ್ಕಳಿಗೆ ನಮ್ಮದೇ ಕಥೆ ಬೇಕು ಎನ್ನುವವರು ಹೆಚ್ಚಾದರು. 1824ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಅಮೆರಿಕನ್ ಸಂಡೇ ಸ್ಕೂಲ್ ಯೂನಿಯನ್ (ಭಾನುವಾರದ ಕ್ರೈಸ್ತ ಧರ್ಮಪಾಠ ಶಾಲೆಗಳ ಸಂಘ) ಮಕ್ಕಳ ಪುಸ್ತಕಗಳನ್ನು ರಾಶಿ ರಾಶಿ ಅಚ್ಚು ಹಾಕಿಸಿತು.

ಇದೇ ಹೊತ್ತಿನಲ್ಲಿ ಬರುತ್ತಾರೆ ಲಿಡಿಯಾ ಮರಿಯಾ ಚೈಲ್ಡ್. 1826ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಬಾಸ್ಟನ್ನಿನಲ್ಲಿ ‘ಜುವೆನೈಲ್ ಮಿಸೆಲನಿ’ ಎಂಬ ಮಕ್ಕಳ ಪತ್ರಿಕೆ ಶುರು ಮಾಡಿದರು. ಎರಡು ತಿಂಗಳಿಗೊಂದು ಸಂಚಿಕೆ. ಕಥೆ, ದೊಡ್ಡವರ ಜೀವನಚರಿತ್ರೆ, ವಿಜ್ಞಾನದ ಮಾತುಕತೆ, ಒಗಟು, ಎಲ್ಲ ಇರುತ್ತಿತ್ತು. ಹೊಸ ಸಂಚಿಕೆ ಬರುವ ದಿನ ಬಾಸ್ಟನ್ನಿನ ಚೆಸ್ಟ್‌ನಟ್ ಸ್ಟ್ರೀಟಿನ ಉದ್ದಕ್ಕೂ ಮಕ್ಕಳು ಮನೆಮನೆಯ ಕಲ್ಲಿನ ಮೆಟ್ಟಿಲ ಮೇಲೆ ಕೂತು, ತಂದುಕೊಡುವವನ ದಾರಿ ಕಾಯುತ್ತಿದ್ದರಂತೆ. ಆಗ ಮಗುವಾಗಿದ್ದ ಒಬ್ಬರು ಎಷ್ಟೋ ವರ್ಷಗಳ ನಂತರ ಇದನ್ನು ನೆನೆಸಿಕೊಂಡು ಬರೆದಿದ್ದಾರೆ. ಬರೀ ಬೋರು ಹೊಡೆಸುವ ಪಾಠವಾಗಿದ್ದರೆ ಯಾವ ಮಗು ಹಾಗೆ ಕಾಯುತ್ತದೆ ಹೇಳಿ?

ನಮ್ಮ ಎಲ್‌ಕೆಜಿ ಮಕ್ಕಳೆಲ್ಲ ಹಾಡುವ ‘ಮೇರಿ ಹ್ಯಾಡ್ ಎ ಲಿಟಲ್ ಲ್ಯಾಂಬ್’ 1830ರಲ್ಲಿ ಈ ಪತ್ರಿಕೆಯಲ್ಲೂ ಬಂದಿತ್ತು. ಬರೆದವರು ಸಾರಾ ಜೋಸೆಫಾ ಹೇಲ್. ಗಂಡ ತೀರಿಕೊಂಡ ಮೇಲೆ ಬರವಣಿಗೆ ನಂಬಿಕೊಂಡೇ ಐದು ಮಕ್ಕಳನ್ನು ಸಾಕಿದವರು. ಅವರ ಪದ್ಯದ ಕೊನೆಯಲ್ಲಿ ನೀವು ಯಾವಾಗಲೂ ದಯೆಯಿಂದ ಇದ್ದರೆ ಪ್ರಾಣಿಗಳು ನಿಮ್ಮ ಹಿಂದೆ ಬರುತ್ತವೆ ಎಂಬ ಬುದ್ಧಿಮಾತಿದೆ. ನಾವು ಸಾಮಾನ್ಯವಾಗಿ ಹಾಡುವಾಗ ಆ ಭಾಗ ಬಿಟ್ಟುಹೋಗಿದೆ.

ಕುರಿಮರಿಗೆ ದಯೆ ತೋರಿಸು ಎಂದರೆ ಯಾರ ತಕರಾರೂ ಇಲ್ಲ. ಚೈಲ್ಡ್ ಅದೇ ಪಾಠವನ್ನು ಮುಂದಕ್ಕೆ ಒಯ್ದರು. ಗುಲಾಮಗಿರಿಯ ಕಥೆಗಳನ್ನು ಮಕ್ಕಳ ಪತ್ರಿಕೆಯಲ್ಲೇ ಹಾಕತೊಡಗಿದರು. 1834ರಲ್ಲಿ ಬಂದ ಒಂದು ಕಥೆ ನನ್ನ ತಲೆಯಿಂದ ಹೋಗುವುದೇ ಇಲ್ಲ. ಮೇರಿ ಬಿಳಿ ಹುಡುಗಿ, ಸೂಸನ್ ಕಪ್ಪು ಹುಡುಗಿ. ಸೂಸನ್ ಯಾರ ಗುಲಾಮಳೂ ಅಲ್ಲ. ಇಬ್ಬರೂ ಗೆಳತಿಯರು. ಒಬ್ಬ ದುಷ್ಟ ಇಬ್ಬರನ್ನೂ ಕದ್ದೊಯ್ದು, ಮೇರಿಯ ಮೈಗೆ ಕಪ್ಪು ಬಳಿದು, ಗುಲಾಮರೆಂದು ಮಾರಿಬಿಡುತ್ತಾನೆ. ಅತ್ತೂ ಅತ್ತೂ ಮೇರಿಯ ಕೆನ್ನೆಯ ಬಣ್ಣ ಕರಗುತ್ತದೆ. ಬಿಳಿ ಚರ್ಮ ಕಂಡ ತಕ್ಷಣ ಅವಳಿಗೆ ಬಿಡುಗಡೆ. ಸೂಸನ್ ಏನಾದಳೋ ಗೊತ್ತಾಗುವುದೇ ಇಲ್ಲ. ಮಕ್ಕಳ ಕಥೆಯನ್ನು ಹೀಗೆ ಮುಗಿಸಲು ಎಷ್ಟು ಧೈರ್ಯ ಬೇಕು! ಎಲ್ಲ ಸುಖವಾಗಿದ್ದರು ಎಂದು ಮುಗಿಸಿದ್ದರೆ ಓದಿದ ಮಗು ಸಮಾಧಾನವಾಗಿ ಮಲಗುತ್ತಿತ್ತು. ಚೈಲ್ಡ್‌ಗೆ ಆ ಸಮಾಧಾನ ಬೇಕಿರಲಿಲ್ಲ.

ಅಷ್ಟು ಹೊತ್ತಿಗೆ ಅವರ ಮೇಲೆ ಜನರಿಗೆ ಸಿಟ್ಟೂ ಬಂದಾಗಿತ್ತು. ಹಿಂದಿನ ವರ್ಷ, 1833ರಲ್ಲಿ, ಅವರು ದೊಡ್ಡವರಿಗಾಗಿ ಒಂದು ಪುಸ್ತಕ ಬರೆದರು. ಗುಲಾಮರನ್ನು ಕೂಡಲೇ ಬಿಡುಗಡೆ ಮಾಡಿ ಎಂದರು. ಬಿಳಿಯರು ಕಪ್ಪು ಜನರನ್ನು ಮದುವೆಯಾಗಬಾರದೆಂಬ ಮ್ಯಾಸಚೂಸೆಟ್ಸ್ ಕಾನೂನು ತಪ್ಪು ಎಂದೂ ಬರೆದರು. ಅದುವರೆಗೆ ಅವರು ಎಲ್ಲರ ಮನೆಮಾತು. 1829ರಲ್ಲಿ ಬರೆದ ಮಿತವ್ಯಯದ ಅಡುಗೆಮನೆ ಪುಸ್ತಕ ಮೂವತ್ತಕ್ಕೂ ಹೆಚ್ಚು ಸಲ ಅಚ್ಚಾಯಿತು. ಗಂಡನ ಸಾಲ ತೀರಿಸಿದ್ದೂ ಇಂಥ ಪುಸ್ತಕಗಳ ದುಡ್ಡೇ. ಈಗ ಅಮ್ಮಂದಿರು ಚಂದಾ ನಿಲ್ಲಿಸಿದರು. ಬಾಸ್ಟನ್ನಿನ ಅಥೀನಿಯಂ ಗ್ರಂಥಾಲಯ ಕೊಟ್ಟಿದ್ದ ಉಚಿತ ಸವಲತ್ತನ್ನು ವಾಪಸ್ ತೆಗೆದುಕೊಂಡಿತು. 1834ರಲ್ಲಿ ಅವರು ಸಂಪಾದಕಿಯ ಸ್ಥಾನ ಬಿಟ್ಟರು. ಆಮೇಲೆ ಪತ್ರಿಕೆ ನಡೆಸಿದವರು ಕುರಿಮರಿ ಪದ್ಯದ ಹೇಲ್. ಅವರು ಜಗಳದ ವಿಷಯಗಳಿಂದ ದೂರ. ಆದರೂ 1836ರಲ್ಲಿ ಪತ್ರಿಕೆ ನಿಂತಿತು.

ಇನ್ನೊಬ್ಬರನ್ನು ನೆನೆಯದೆ ಈ ಉತ್ತರ ಪೂರ್ತಿಯಾಗಲ್ಲ. ಸೂಸನ್ ಪಾಲ್, ಬಾಸ್ಟನ್ನಿನ ಕಪ್ಪು ಮಕ್ಕಳ ಶಾಲೆಯ ಟೀಚರ್, ಸ್ವತಃ ಕಪ್ಪು ಹೆಣ್ಣುಮಗಳು. ಜೇಮ್ಸ್ ಜಾಕ್ಸನ್ ಎಂಬ ಅವರ ಶಿಷ್ಯ 1833ರಲ್ಲಿ, ಏಳು ತುಂಬುವ ಮೊದಲೇ, ತೀರಿಹೋದ. 1835ರಲ್ಲಿ ಅವರು ಅವನ ಜೀವನವನ್ನೇ ಒಂದು ಚಿಕ್ಕ ಪುಸ್ತಕ ಮಾಡಿದರು. ದೈವಭಕ್ತಿಯ ಮಗು ಎಳೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಕಥೆಗಳು ಆಗ ಬೇಕಾದಷ್ಟಿದ್ದವು. ಈಗಿನವರಿಗೆ ಓದುವುದು ಕಷ್ಟ, ನನಗೂ ಕಷ್ಟವೇ. ಆದರೆ ಆ ಮಾದರಿ ಮಗು ಕಪ್ಪು ಬಣ್ಣದ್ದು! ಅವನ ಹಾಗೆ ಇರಿ ಎಂದು ಅಮೆರಿಕದ ಮಕ್ಕಳಿಗೆಲ್ಲ ಹೇಳುತ್ತದೆ ಪುಸ್ತಕ. ಬಣ್ಣ ನೋಡಿ ಜನರನ್ನು ಕೀಳಾಗಿ ಕಾಣುವುದು ಸ್ವಲ್ಪವಾದರೂ ಕಡಿಮೆಯಾಗಲಿ ಎಂದೇ ಇದನ್ನು ಬರೆದೆ ಎಂದು ಮುನ್ನುಡಿಯಲ್ಲಿದೆ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಕೊಡುವುದು ‘ಆ್ಯಂಟಿ-ಸ್ಲೇವರಿ ಆಲ್ಫಬೆಟ್’. 1846ರಲ್ಲಿ ಫಿಲಡೆಲ್ಫಿಯಾದ ಗುಲಾಮಗಿರಿ ವಿರೋಧಿಗಳ ಮೇಳಕ್ಕಾಗಿ ಅಚ್ಚಾದದ್ದು. ಬರೆದವರ ಹೆಸರು ಹಾಕಿರಲಿಲ್ಲ. ಹ್ಯಾನಾ ಮತ್ತು ಮೇರಿ ಟೌನ್‌ಸೆಂಡ್ ಎಂಬ ಕ್ವೇಕರ್ (ಒಂದು ಕ್ರೈಸ್ತ ಪಂಥ) ಹೆಣ್ಣುಮಕ್ಕಳದ್ದು ಎನ್ನುತ್ತಾರೆ. ಒಂದೊಂದು ಅಕ್ಷರಕ್ಕೆ ನಾಲ್ಕು ಸಾಲು. ‘ಎಸ್’ ಅಂದರೆ ಶುಗರ್. ನಿನ್ನ ಟೀ, ನಿನ್ನ ಕೇಕು, ನಿನ್ನ ಮಿಠಾಯಿಗೆ ಬೀಳುವ ಸಕ್ಕರೆಗಾಗಿ ಗುಲಾಮ ಬೆವರು ಸುರಿಸುತ್ತಿದ್ದಾನೆ ಎನ್ನುತ್ತದೆ ಆ ಪುಟ. ನೀನು ಚಿಕ್ಕವನಾದರೂ ಬೇಡ ಅನ್ನಬಹುದು, ಗುಲಾಮರ ದುಡಿಮೆಯ ತಿಂಡಿ ನನಗೆ ಬೇಡ ಅನ್ನು ಎಂದು ಪೀಠಿಕೆಯ ಪದ್ಯವೇ ಹೇಳಿಕೊಡುತ್ತದೆ. ಅಕ್ಷರ ಕಲಿಯುವ ಮಗುವಿಗೆ ಇದಕ್ಕಿಂತ ನೇರವಾಗಿ ಯಾರು ರಾಜಕೀಯ ಹೇಳಿಯಾರು?

ಚೈಲ್ಡ್ ಸುಮ್ಮನಾಗಲಿಲ್ಲ. 1865ರಲ್ಲಿ, ಗುಲಾಮಗಿರಿ ಮುಗಿದ ವರ್ಷ, ಆಗಷ್ಟೇ ಓದು ಕಲಿಯುತ್ತಿದ್ದ ಬಿಡುಗಡೆಯಾದ ಜನರಿಗಾಗಿ ‘ಫ್ರೀಡ್‌ಮೆನ್ಸ್ ಬುಕ್’ ತಂದರು. ತಮ್ಮ ಕೈಯಿಂದ ದುಡ್ಡು ಹಾಕಿದರು, ಲಾಭ ಬೇಡ ಎಂದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್, ಹೈಟಿಯ ಗುಲಾಮರ ದಂಗೆಯ ನಾಯಕ ತೂಸಾಂ ಲೂವರ್‌ತ್ಯೂರ್ ಮುಂತಾದವರ ಜೀವನ ಅದರಲ್ಲಿದೆ, ಜೊತೆಗೆ ಕಪ್ಪು ಕವಿಗಳ ಪದ್ಯಗಳಿವೆ. ಪರಿವಿಡಿಯಲ್ಲಿ ಕೆಲವು ಹೆಸರುಗಳ ಪಕ್ಕ ಒಂದು ಚಿಕ್ಕ ನಕ್ಷತ್ರದ ಗುರುತಿದೆ. ಬರೆದವರು ಕಪ್ಪು ಜನ ಎಂದು ಓದುವವರಿಗೆ ಗೊತ್ತಾಗಲಿ ಎಂದೇ ಅದನ್ನು ಹಾಕಿದ್ದು.