‘ಇದ್ರಿಂದ ನಿಂಗೆಂತ ಸಿಗ್ತು?’

ಜನರಿಗೆ ಜನರನ್ನು ಜೋಡಿಸಿಕೊಟ್ಟರೆ ನನಗೆ ಏನೂ ಸಿಗುವುದಿಲ್ಲ. ಇಷ್ಟೇ ಸಾಕಾದವರು ಎದ್ದು ಹೋಗಬಹುದು. ‘ಏನೋ ಇರಲೇಬೇಕು’ ಎಂದು ಹುಬ್ಬು ಹಾರಿಸುವವರಿಗೆ ಮಾತ್ರ ಮುಂದಿನದು.

ನಾನು ಶಿರಸಿಯವ. ಒಬ್ಬರಿಗೆ ಇನ್ನೊಬ್ಬರ ಪರಿಚಯ ಮಾಡಿಸುವುದು ನನ್ನ ಚಟ. ತೋಟಕ್ಕೆ ಕೊನೆಗೌಡ (ಮರ ಹತ್ತಿ ಅಡಿಕೆ ಕೊನೆ ಇಳಿಸುವವ) ಬೇಕು, ಮಗಳಿಗೆ ಧಾರವಾಡದಲ್ಲಿ ಪಿಜಿ ಬೇಕು, ಕಾರವಾರದಲ್ಲಿ ನಂಬಿಕಸ್ಥ ವಕೀಲ ಬೇಕು, ಫೋನು ನನಗೆ. ಕೆಲಸ ಮುಗಿದ ಮೇಲೆ ಈ ಪ್ರಶ್ನೆ. ಕೆಲಸ ಆಗುವ ಮೊದಲು ಒಬ್ಬರೂ ಕೇಳಿದ್ದಿಲ್ಲ, ಗಮನಿಸಿ.

ಒಂದು ಉಪನಯನದ ಪಂಕ್ತಿಯಲ್ಲಿ ಪಕ್ಕದ ಎಲೆಯವ ಅಪ್ಪೆಹುಳಿಗೆ ಕೈಯೊಡ್ಡಿಕೊಂಡೇ ಕೇಳಿದ: “ಕಮಿಷನ್ ಎಷ್ಟು ತಗತ್ಯ ಮಾರಾಯಾ?” ಇಡೀ ಸಾಲು ತಿರುಗಿ ನೋಡಿತು. ವಿಷಯ ಇಷ್ಟೇ: ಅವನ ತಂಗಿಯ ಮನೆ ಅಂಕೋಲೆ ಕಡೆ, ಅಂಗಳದ ಅಂಚಿಗೆ ಕರಿ ಇಶಾಡು ಮಾವಿನ ಮರಗಳು. 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತೆಂದು ಹಣ್ಣು ನಾಲ್ಕು ದಿನ ಹೆಚ್ಚಿಗೆ ತಡೆಯುತ್ತದೆಯೇ? ಶಿರಸಿಯಲ್ಲಿ ಮಾವಿನ ರಸ ಕಾಯಿಸಿ ಬಾಟಲಿ ತುಂಬುವವರೊಬ್ಬರು ಗೊತ್ತಿದ್ದರು. ಇಬ್ಬರಿಗೂ ಒಂದೊಂದು ಫೋನು ಮಾಡಿದೆ. ದರ, ತೂಕ, ಜಗಳ ಎಲ್ಲ ಅವರವರದ್ದೇ.

ದಲಾಲಿ ಹೀನ ಕೆಲಸವೇನಲ್ಲ, ಈ ಊರಿನ ಅಡಿಕೆ ಪೇಟೆಯಲ್ಲಿ ಅದಕ್ಕೆ ಅದರದ್ದೇ ಮರ್ಯಾದೆ ಉಂಟು. ನಾನು ಮಾಡುವುದಿದ್ದರೆ ಬೋರ್ಡ್ ಹಾಕಿಕೊಂಡೇ ಮಾಡುತ್ತಿದ್ದೆ. ಪಂಕ್ತಿಯಲ್ಲಿ ಇದನ್ನೆಲ್ಲ ಹೇಳಲಿಲ್ಲ. ಹೋಳಿಗೆ ಬಂತು.

‘ನಿನಗೆ ಬಿಡು, ಎಲ್ಲರೂ ಗೊತ್ತು’ ಎನ್ನುವುದು ಇನ್ನೊಂದು. ಎಲ್ಲರೂ ಅರ್ಧಂಬರ್ಧ ಗೊತ್ತು, ಕೆಲಸಕ್ಕೆ ಬರುವುದೂ ಆ ಅರ್ಧವೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಪರಿಚಯದವರ ಮೂಲಕ ನೌಕರಿ ಹಿಡಿದವರನ್ನು ಅವರು ಕೇಳಿದರು: ಸುದ್ದಿ ಕೊಟ್ಟವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ‘ಪದೇ ಪದೇ’ ಎಂದವರು ಶೇ. 16.7 ಮಾತ್ರ. ‘ಅಪರೂಪಕ್ಕೊಮ್ಮೆ’ ಎಂದವರೇ ಶೇ. 27.8, ಉಳಿದವರದ್ದು ನಡುವಿನ ಉತ್ತರ. ಆಶ್ಚರ್ಯವೇನಿಲ್ಲ. ನನ್ನ ಭಾವನಿಗೆ ಗೊತ್ತಿರುವುದೆಲ್ಲ ಸಂಜೆಯೊಳಗೆ ನನಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಕುಮಟಾ ಬಸ್ಸಿನಲ್ಲಿ ಪಕ್ಕ ಕೂತು ದೇವಿಮನೆ ಘಟ್ಟ ಇಳಿಯುವಷ್ಟು ಹೊತ್ತು ಮಾತಾಡಿದವನಿಂದ.

ಒಂದು ಮಾತು ಮಾತ್ರ ಯಾರೂ ಕೇಳುವುದಿಲ್ಲ: ನೀನು ಯಾರಿಗೆ ನಂಬರ್ ಕೊಡುವುದಿಲ್ಲ? ಅದನ್ನು ಕೇಳಿದ್ದರೆ ಚಹಾ ಕುಡಿಸಿ ಹೇಳುತ್ತಿದ್ದೆ. ಆ ಕಡೆಯವರನ್ನು ಕೇಳದೆ ಯಾರಿಗೂ ಕೊಡುವುದಿಲ್ಲ. “ಇಂಥವರು, ಇಂಥ ಕೆಲಸಕ್ಕೆ, ಕೊಡಲಾ?” ಎಂದು ಮೊದಲು ಅಲ್ಲಿಗೆ ಫೋನು. ಬೇಡ ಎಂದರೆ ನನ್ನ ಹತ್ತಿರ ಆ ನಂಬರೇ ಇಲ್ಲ! ಹಿಂದಿನವನ ಕೂಲಿ ಬಾಕಿ ಇಟ್ಟವರಿಗೆ ಕೊನೆಗೌಡನ ನಂಬರ್ ಸಿಗದು, ಅವರು ಎಷ್ಟು ಹತ್ತಿರದ ನೆಂಟರಾದರೂ. ಮದುವೆ ಸಂಬಂಧಕ್ಕಂತೂ ಕೈಹಾಕುವುದೇ ಇಲ್ಲ. ತೋಟ ಮಾಡಿಕೊಂಡಿರುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲವೆಂಬ ಸಂಕಟ ನನಗೂ ಗೊತ್ತು. ಆದರೆ ಹುಡುಗನ ಅಡಿಕೆ ಎಷ್ಟು ಕ್ವಿಂಟಲ್ ಎಂದು ನಾನು ಹೇಳಬಹುದು, ಸಿಟ್ಟು ಎಷ್ಟೆಂದು ಹೇಗೆ ಹೇಳಲಿ?

ಆಸ್ಪತ್ರೆ ವಿಷಯ ಬೇರೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೂಗಿದ್ದಾರೆ. ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಎಂದು ಓಡುವ ನಮಗೆ ‘ಅಲ್ಲಿ ಯಾರಾದ್ರೂ ಪರಿಚಯ ಇದ್ದಾರಾ?’ ಎಂಬುದು ರಾತ್ರಿ ಎರಡು ಗಂಟೆಯ ಪ್ರಶ್ನೆ. ಅದಕ್ಕೆ ಎಷ್ಟು ಹೊತ್ತಿಗೂ ಫೋನು ಎತ್ತುತ್ತೇನೆ. ರೋಗಿಯ ಹೆಸರು, ವಯಸ್ಸು, ರಿಪೋರ್ಟಿನ ಫೋಟೊ ಒಟ್ಟಿಗೇ ಕಳಿಸಿ. ಬರೀ ‘ಹಾಯ್’ ಎಂದು ಹಾಕಿ, ನಾನು ‘ಹಾಯ್’ ಅನ್ನಲಿ ಎಂದು ಕಾಯುತ್ತ ಕೂರಬೇಡಿ.