ಐಚ್ಛಿಕ ಪತ್ರಿಕೆಯಲ್ಲಿ ಬಂದ ನಾರ್ವೆ

ಹಳೆಯ ವಿದ್ಯಾರ್ಥಿಗಳ ಸಂಚಿಕೆಗೆ ಕ್ಯಾಂಟೀನು, ಹಾಸ್ಟೆಲು, ಪ್ರವಾಸಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ನೆನೆಯಬೇಕೆಂದಿರುವುದು ರಾಜ್ಯಶಾಸ್ತ್ರ ಎಂ.ಎ.ಯ ಐಚ್ಛಿಕ ಪತ್ರಿಕೆಯ ಒಂದು ಘಟಕವನ್ನು. ‘ಸಣ್ಣ ರಾಷ್ಟ್ರಗಳ ವಿದೇಶಾಂಗ ನೀತಿ’ ಎಂದು ಪಠ್ಯಕ್ರಮದಲ್ಲಿ ಅದಕ್ಕಿದ್ದದ್ದು ಒಂದೇ ಸಾಲು. ಮೇಷ್ಟ್ರು ಆ ಸಾಲಿಗೆ ಒಂದೇ ದೇಶವನ್ನು ಹಿಡಿದುಕೊಂಡರು: ನಾರ್ವೆ. ಶ್ರೀಲಂಕಾದ ಕದನವಿರಾಮ ಆಗಿನ್ನೂ ಹೊಸದು. ಅಲ್ಲಿ ಸಂಧಾನ ನಡೆಸುತ್ತಿದ್ದ ನಾರ್ವೆಯ ಎರಿಕ್ ಸೋಲ್ಹೈಮ್ ಹೆಸರು ಪತ್ರಿಕೆಗಳಲ್ಲಿ ಪದೇಪದೇ ಬರುತ್ತಿದ್ದ ಕಾಲ. ಮಂತ್ರಿಗಳ ಭಾಷಣವನ್ನು ಮೇಷ್ಟ್ರು ಓದಿಸುತ್ತಿರಲಿಲ್ಲ. ಒಪ್ಪಂದದ ಜೆರಾಕ್ಸ್ ಹಂಚಿ ಮೂರು ಪ್ರಶ್ನೆ ಬರೆಸುತ್ತಿದ್ದರು. ಸಹಿ ಯಾರದು? ದುಡ್ಡು ಯಾರದು? ಹೊರಗೆ ಹೋಗುವ ಬಾಗಿಲು ಎಲ್ಲಿದೆ? ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ನಾರ್ವೆಗೆ ಏನೇನಾಯಿತು ಎಂಬುದನ್ನೂ ಸೇರಿಸಿಕೊಂಡು, ಈಗ ಆ ಪತ್ರಿಕೆ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸುಮಾರು 55 ಲಕ್ಷ ಜನರ ದೇಶ ಅದು. ಬೆಂಗಳೂರಿನ ಅರ್ಧದಷ್ಟೂ ಜನರಿಲ್ಲ. ವಿದೇಶಾಂಗ ನೀತಿಯಲ್ಲಿ ಅವರ ಮೊದಲ ಜಗಳ ಶಾಂತಿಗಾಗಿ ನಡೆದದ್ದಲ್ಲ, ಕಾನ್ಸುಲ್‌ಗಳಿಗಾಗಿ ನಡೆದದ್ದು. ಸ್ವೀಡನ್ ಜೊತೆ ಒಬ್ಬನೇ ರಾಜನ ಕೆಳಗಿದ್ದ ನಾರ್ವೆಗೆ ದೊಡ್ಡ ವ್ಯಾಪಾರಿ ಹಡಗುಪಡೆ ಇತ್ತು. ದೂರದ ಬಂದರುಗಳಲ್ಲಿ ತನ್ನ ಹಡಗುಗಳ ಕೆಲಸ ನೋಡಲು ತನ್ನದೇ ಕಾನ್ಸುಲ್ ಬೇಕೆಂದಿತು. ಆ ಮಸೂದೆಗೆ ರಾಜ ಎರಡನೇ ಆಸ್ಕರ್ ಅಂಕಿತ ಹಾಕಲಿಲ್ಲ. ಸಂಸತ್ತು 1905ರ ಜೂನ್ 7ರಂದು ಒಕ್ಕೂಟವನ್ನೇ ಮುರಿಯಿತು. ಆಗಸ್ಟ್‌ನ ಜನಮತದಲ್ಲಿ ಪರವಾಗಿ ಬಿದ್ದದ್ದು 3,68,208 ಮತ, ವಿರುದ್ಧ 184. ಆ ರಾಷ್ಟ್ರ ಹುಟ್ಟಿದ್ದೇ ವ್ಯಾಪಾರದ ಲೆಕ್ಕದಿಂದ. ನೊಬೆಲ್ ಪ್ರಶಸ್ತಿಯ ಮೆರುಗಿನಲ್ಲಿ ಈ ಮಾತು ಮರೆತುಹೋಗುತ್ತದೆ.

1940ರ ಏಪ್ರಿಲ್ 9ರಂದು ಜರ್ಮನಿ ನುಗ್ಗಿದಾಗ ತಟಸ್ಥ ನೀತಿ ಕೆಲಸಕ್ಕೆ ಬರಲಿಲ್ಲ. 1949ರಲ್ಲಿ ನ್ಯಾಟೊದ ಸ್ಥಾಪಕ ಸದಸ್ಯನಾಯಿತು, ಆದರೆ ಶಾಂತಿಕಾಲದಲ್ಲಿ ವಿದೇಶಿ ಸೇನಾನೆಲೆಗೆ ಜಾಗ ಕೊಡುವುದಿಲ್ಲವೆಂದು ಪಕ್ಕದ ಸೋವಿಯತ್ ಒಕ್ಕೂಟಕ್ಕೆ ಹೇಳಿತು. ಯುರೋಪಿನ ಒಕ್ಕೂಟ ಬೇಡವೆಂದು 1972 ಮತ್ತು 1994ರಲ್ಲಿ ಜನ ಎರಡು ಸಲ ಮತ ಹಾಕಿದರು. ಆದರೂ ಯುರೋಪಿನ ಆರ್ಥಿಕ ಪ್ರದೇಶದ ಮೂಲಕ ಅದರ ಮಾರುಕಟ್ಟೆಯ ಒಳಗಿದ್ದಾರೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಯುರೋಪಿನ ಒಕ್ಕೂಟಕ್ಕೆ ಸಾಧ್ಯವಾಗದ ಕೆಲವು ಕೆಲಸ ನಾರ್ವೆಗೆ ಸಾಧ್ಯವಾಗುವುದು ಹೀಗೆ.

ಸಂಧಾನದ ಕೆಲಸ ಕೈಯಳತೆಯಲ್ಲಿ ಹೇಗಿರುತ್ತದೆಂಬುದಕ್ಕೆ ಇಸ್ರೇಲ್ ಮತ್ತು ಪ್ಯಾಲೆಸ್ತೀನಿಯರ ನಡುವಿನ 1993ರ ಓಸ್ಲೊ ಮಾತುಕತೆಯೇ ಪಾಠ. ನಾರ್ವೆಯ ಕಾರ್ಮಿಕ ಸಂಘಟನೆ ಕಟ್ಟಿದ ಫಾಫೊ ಎಂಬ ಸಂಶೋಧನಾ ಸಂಸ್ಥೆ ಗಾಜಾ ಮತ್ತು ಪಶ್ಚಿಮ ದಂಡೆಯ ಜನಜೀವನದ ಸಮೀಕ್ಷೆ ಮಾಡುತ್ತಿತ್ತು. ಅದರ ಮುಖ್ಯಸ್ಥ ಟೆರ್ಯೆ ರಾಡ್-ಲಾರ್ಸನ್. ಹೆಂಡತಿ ಮೊನಾ ಯೂಲ್ ವಿದೇಶಾಂಗ ಇಲಾಖೆಯಲ್ಲಿ. ಆ ಏಪ್ರಿಲ್‌ನಿಂದ ವಿದೇಶಾಂಗ ಸಚಿವ ಯೋಹಾನ್ ಯೊರ್ಗೆನ್ ಹೋಲ್ಸ್ಟ್. ಅವರ ಹೆಂಡತಿ ಮರಿಯಾನೆ ಹೈಬರ್ಗ್ ಫಾಫೊ ಸಂಶೋಧಕಿ. ಎರಡು ಮನೆಗಳ ಊಟದ ಮೇಜಿನಲ್ಲೇ ಕಡತ ಓಡಾಡಬಹುದಾದಷ್ಟು ಸಣ್ಣ ವ್ಯವಸ್ಥೆ. ಪ್ಯಾಲೆಸ್ತೀನಿಯರ ಸಂಘಟನೆ ಪಿಎಲ್ಓ ಜೊತೆ ಇಸ್ರೇಲಿಗಳು ಮಾತಾಡುವುದನ್ನು ಅಪರಾಧವೆನ್ನುತ್ತಿದ್ದ ಕಾನೂನನ್ನು ಇಸ್ರೇಲ್ ಸಂಸತ್ತು ಆ ಜನವರಿಯಲ್ಲಿ ತೆಗೆದುಹಾಕಿತ್ತು. ಅದೇ ತಿಂಗಳು ಸಾರ್ಪ್ಸ್‌ಬೋರ್ಗ್ ಬಳಿಯ ಒಂದು ಹಳೆಯ ಬಂಗಲೆಯಲ್ಲಿ ಮೊದಲ ಭೇಟಿ. ಇಸ್ರೇಲ್ ಕಡೆಯಿಂದ ಬಂದವರು ಅಧಿಕಾರಿಗಳಲ್ಲ, ಇಬ್ಬರು ಅಧ್ಯಾಪಕರು. ಸುದ್ದಿ ಸೋರಿದರೆ ‘ವಿಚಾರ ಸಂಕಿರಣ’ ಎನ್ನಬಹುದಿತ್ತು. ಸೋರದಿದ್ದರೆ ಅಧಿಕಾರಿಗಳನ್ನು ಆಮೇಲೆ ಕೂರಿಸಬಹುದಿತ್ತು, ಕೂರಿಸಿದ್ದೂ ಹಾಗೆಯೇ. ಆಗಸ್ಟ್ 20ರಂದು ಓಸ್ಲೊದಲ್ಲಿ ಗುಟ್ಟಾಗಿ, ಸೆಪ್ಟೆಂಬರ್ 13ರಂದು ವಾಷಿಂಗ್ಟನ್ನಿನಲ್ಲಿ ಜಗತ್ತಿನೆದುರು ಸಹಿ.

ಕೆಟ್ಟದ್ದೆಲ್ಲಿ? ಜೆರುಸಲೇಮ್, ನಿರಾಶ್ರಿತರು, ವಸಾಹತುಗಳು, ಗಡಿ ಎಲ್ಲವನ್ನೂ ಮುಂದಿನ ಮಾತುಕತೆಗೆ ತಳ್ಳಿ ಐದು ವರ್ಷದ ವಾಯಿದೆ ಇಟ್ಟರು. ವಾಯಿದೆ ತಪ್ಪಿದರೆ ಏನು ಶಿಕ್ಷೆ ಎಂದು ಎಲ್ಲೂ ಬರೆಯಲಿಲ್ಲ. ಬಲಶಾಲಿ ಪಕ್ಷದ ಕೈ ಹಿಡಿದು ನಿಲ್ಲಿಸುವ ಶಕ್ತಿ ಮನೆ ಒದಗಿಸಿದವನಿಗೆ ಇರುವುದಿಲ್ಲ; ಆ ಶಕ್ತಿ ಇಲ್ಲವೆಂದೇ ಅವನನ್ನು ಇಬ್ಬರೂ ಒಪ್ಪಿರುತ್ತಾರೆ. ಸಣ್ಣ ದೇಶದ ಸಂಧಾನವನ್ನು ಅಳೆಯುವಾಗ ಈ ಒಂದು ಮಿತಿಯನ್ನು ಬಿಟ್ಟು ಬರೆದ ಉತ್ತರಕ್ಕೆ ಮೇಷ್ಟ್ರು ಅರ್ಧ ಅಂಕವನ್ನೂ ಕೊಡುತ್ತಿರಲಿಲ್ಲ.

ಶ್ರೀಲಂಕಾದ ಪ್ರಕರಣ ಇನ್ನೂ ಹತ್ತಿರದ್ದು. 2002ರ ಫೆಬ್ರವರಿಯ ಕದನವಿರಾಮಕ್ಕೆ ಎಲ್‌ಟಿಟಿಇ ನಾಯಕ ಪ್ರಭಾಕರನ್ ಮತ್ತು ಪ್ರಧಾನಿ ರನಿಲ್ ವಿಕ್ರಮಸಿಂಘೆ ಒಂದೇ ಮೇಜಿನಲ್ಲಿ ಕೂತು ಸಹಿ ಹಾಕಿದ್ದಲ್ಲ; ಬೇರೆ ಬೇರೆ ಕಡೆ ಸಹಿಯಾದದ್ದನ್ನು 22ರಂದು ನಾರ್ವೆ ಘೋಷಿಸಿತು. ನಾರ್ವೆಯನ್ನು ಮೊದಲು ಕರೆತಂದವರು ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ, ಆದರೆ ಸಹಿ ಅವರ ಎದುರು ಪಕ್ಷದ ಪ್ರಧಾನಿಯದು. ‘ಸಹಿ ಯಾರದು’ ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗಲೇ ಮೊದಲ ಬಿರುಕು ಕಾಣುತ್ತಿತ್ತು. ಮೇಲ್ವಿಚಾರಣೆಗೆ ನಾರ್ವೆ, ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್, ಐಸ್ಲೆಂಡ್ ಐದೂ ನಾರ್ಡಿಕ್ ದೇಶಗಳ ತಂಡ. ಅವರ ಕೈಯಲ್ಲಿ ಆಯುಧವಿಲ್ಲ. ದೂರು ಬಂದರೆ ಸ್ಥಳಕ್ಕೆ ಹೋಗಿ ವಿಚಾರಿಸಿ, ಉಲ್ಲಂಘನೆ ಹೌದೋ ಅಲ್ಲವೋ ಎಂದು ತೀರ್ಪು ಬರೆಯುವುದಷ್ಟೇ ಅಧಿಕಾರ. ತಂಡದ ಮುಖ್ಯಸ್ಥರನ್ನು ನೇಮಿಸುತ್ತಿದ್ದುದು ಸಂಧಾನ ನಡೆಸುತ್ತಿದ್ದ ಅದೇ ನಾರ್ವೆ ಸರ್ಕಾರ. ಪಂಚಾಯ್ತಿ ಮಾಡುವವನೇ ಮಹಜರನ್ನೂ ಬರೆದರೆ ಕಠಿಣವಾಗಿ ಬರೆಯುವುದು ಕಷ್ಟ; ಬರೆದರೆ ಪಂಚಾಯ್ತಿ ಮುರಿಯುತ್ತದೆ, ಬರೆಯದಿದ್ದರೆ ಮಹಜರಿಗೆ ಬೆಲೆಯಿಲ್ಲ. ಎಲ್‌ಟಿಟಿಇಯ ಕಡಲಪಡೆಯ ಸ್ಥಾನಮಾನವನ್ನಂತೂ ಕಾಗದ ಸ್ಪಷ್ಟವಾಗಿ ಹೇಳಿಯೇ ಇರಲಿಲ್ಲ. ತಕರಾರುಗಳು ಪದೇಪದೇ ನೀರಿನ ಮೇಲೆಯೇ ಹುಟ್ಟಿದವು.

ಇಲ್ಲಿ ನಾರ್ವೆ ಮಾಡಿದ ಒಂದು ಸೂಕ್ಷ್ಮ ಕೆಲಸ ಹೇಳಲೇಬೇಕು. ಅದುವರೆಗೆ ಯುರೋಪಿನ ಒಕ್ಕೂಟದ ಭಯೋತ್ಪಾದಕರ ಪಟ್ಟಿಗೆ ತಾನೂ ತಲೆಯಾಡಿಸುತ್ತಿದ್ದ ನಾರ್ವೆ 2006ರ ಆರಂಭದಲ್ಲಿ ಆ ಪಟ್ಟಿಯಿಂದ ಹಿಂದೆ ಸರಿಯಿತು. ಪಟ್ಟಿಯಲ್ಲಿದ್ದವರ ಜೊತೆ ಮಾತಾಡುವ ಬಾಗಿಲು ಮುಚ್ಚಬಾರದೆಂಬುದು ಕಾರಣ. ಕೆಲವೇ ತಿಂಗಳಲ್ಲಿ, ಮೇನಲ್ಲಿ, ಯುರೋಪಿನ ಒಕ್ಕೂಟ ಎಲ್‌ಟಿಟಿಇಯನ್ನು ಪಟ್ಟಿಗೆ ಸೇರಿಸಿತು. ಒಕ್ಕೂಟದ ಸದಸ್ಯ ದೇಶಗಳ ಮೇಲ್ವಿಚಾರಕರು ಹೊರಡಬೇಕೆಂದು ಎಲ್‌ಟಿಟಿಇ ಪಟ್ಟು ಹಿಡಿಯಿತು. ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕಿನವರು ಹೋದರು. ಉಳಿದದ್ದು ನಾರ್ವೆ, ಐಸ್ಲೆಂಡ್. ಇನ್ನು ಹೊರಬಾಗಿಲು: ಯಾರೇ ಆಗಲಿ ನಾರ್ವೆ ಸರ್ಕಾರಕ್ಕೆ 14 ದಿನದ ನೋಟಿಸು ಕೊಟ್ಟು ಒಪ್ಪಂದ ಬಿಡಬಹುದೆಂದು ಬರೆದಿತ್ತು. 2008ರ ಜನವರಿಯಲ್ಲಿ ಕೊಲಂಬೊ ಅದೇ ಕಲಮನ್ನು ಬಳಸಿತು. 16ಕ್ಕೆ ಕದನವಿರಾಮ ಕಾನೂನಿನ ಪ್ರಕಾರವೇ ಸತ್ತಿತು. 2009ರ ಮೇನಲ್ಲಿ ಯುದ್ಧ ಮುಗಿದದ್ದು ಸಂಧಾನದಿಂದಲ್ಲ.

ಕೊಲಂಬಿಯಾದಲ್ಲಿ ಅದೇ ನಾರ್ವೆ, ಕ್ಯೂಬಾದ ಜೊತೆ ಖಾತರಿದಾರನಾಗಿ, 2016ರ ಅಂತಿಮ ಒಪ್ಪಂದದವರೆಗೆ ಹೋಯಿತು. ಮೇಲ್ವಿಚಾರಣೆಯ ಹೊರೆ ಅಲ್ಲಿ ನಾರ್ವೆಯ ತಲೆಮೇಲೆ ಇರಲಿಲ್ಲ, ವಿಶ್ವಸಂಸ್ಥೆಗೆ ಹೋಗಿತ್ತು. ಫಲಿತಾಂಶದ ವ್ಯತ್ಯಾಸಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ಸಣ್ಣ ಕಾರಣವಂತೂ ಅಲ್ಲ.

ಈಗ ಮಾನವಹಕ್ಕು. ನಾರ್ವೆ ಇದರಲ್ಲಿ ಬಹಳ ಸಲ ಬಳಸುವ ಉಪಾಯ ಒಂದೇ: ಕೆಲಸವನ್ನು ಸರ್ಕಾರದಿಂದ ಒಂದು ಮೊಳ ದೂರ ಇಡುವುದು. ನೊಬೆಲ್ ಶಾಂತಿ ಸಮಿತಿಯ ಐವರನ್ನು ನೇಮಿಸುವುದು ಸಂಸತ್ತು. ಆಯ್ಕೆ ಮಾತ್ರ ಸ್ವತಂತ್ರ. 2010ರ ಅಕ್ಟೋಬರ್ 8ರಂದು ಜೈಲಿನಲ್ಲಿದ್ದ ಚೀನಾದ ಮಾನವಹಕ್ಕು ಹೋರಾಟಗಾರ ಲಿಯು ಶಿಯಾಬೊಗೆ ಪ್ರಶಸ್ತಿ ಘೋಷಣೆಯಾದಾಗ ‘ಅದು ಸಮಿತಿಯ ನಿರ್ಧಾರ, ಸರ್ಕಾರದ್ದಲ್ಲ’ ಎಂದು ಓಸ್ಲೊ ಹೇಳಿತು. ಆದರೆ ಸಮಿತಿಯ ಅಧ್ಯಕ್ಷ ಥೋರ್ಬ್ಯೋರ್ನ್ ಯಾಗ್ಲಾಂಡ್ ಹಿಂದೆ ನಾರ್ವೆಯ ಪ್ರಧಾನಿಯೂ ವಿದೇಶಾಂಗ ಸಚಿವರೂ ಆಗಿದ್ದವರು. ಬೀಜಿಂಗ್ ಈ ಮಾತನ್ನು ನಂಬಲಿಲ್ಲ, ಅಥವಾ ನಂಬುವುದು ತನಗೆ ಲಾಭವಲ್ಲವೆಂದು ಕಂಡುಕೊಂಡಿತು. 2008ರಲ್ಲಿ ಶುರುವಾಗಿದ್ದ ಮುಕ್ತ ವ್ಯಾಪಾರದ ಮಾತುಕತೆ ನಿಂತಿತು. ಮಂತ್ರಿಮಟ್ಟದ ಭೇಟಿಗಳು ನಿಂತವು.

ಶಿಕ್ಷೆ ಬಿದ್ದ ರೀತಿ ನೋಡಿ. ಸಾಲ್ಮನ್ ಮೀನಿಗೆ ಯಾರೂ ನಿಷೇಧ ಘೋಷಿಸಲಿಲ್ಲ. ಹಸಿ ಸಾಲ್ಮನ್ ಮಂಜುಗಡ್ಡೆ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ವಿಮಾನದಲ್ಲಿ ಬರುವ ಸರಕು. ದಿನದ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ. 2011ರ ಆರಂಭದಿಂದ ಚೀನಾದ ಬಂದರು, ವಿಮಾನ ನಿಲ್ದಾಣಗಳಲ್ಲಿ ಹೊಸ ಪಶುವೈದ್ಯಕೀಯ ತಪಾಸಣೆ, ಹೆಚ್ಚಿನ ಮಾದರಿ ಪರೀಕ್ಷೆ, ಆಮದು ಪರವಾನಗಿಯ ವಿಳಂಬ ಬಂದವು. ಗೋದಾಮಿನಲ್ಲಿ ಕೆಲವು ದಿನ ಕೂತರೆ ಸಾಕು, ಪೆಟ್ಟಿಗೆ ತೆರೆದಾಗ ಕೊಳ್ಳುವವರಿಲ್ಲ. ಅದೇ ಜನವರಿಯಲ್ಲಿ ಸ್ಕಾಟ್ಲೆಂಡಿನ ಸಾಲ್ಮನ್‌ಗೆ ಚೀನಾದ ಬಾಗಿಲು ತೆರೆಯಿತು. ಚೀನಾದ ಸಾಲ್ಮನ್ ಮಾರುಕಟ್ಟೆಯನ್ನು ಬಹುಪಾಲು ಹಿಡಿದಿದ್ದ ನಾರ್ವೆಯ ಪಾಲು ಕುಸಿಯಿತು. ವಿಚಿತ್ರವೆಂದರೆ ಅದೇ ವರ್ಷಗಳಲ್ಲಿ ವಿಯೆಟ್ನಾಂ ಕೊಳ್ಳುವ ನಾರ್ವೆ ಸಾಲ್ಮನ್ ಏಕಾಏಕಿ ಹೆಚ್ಚಿತು. ಅಷ್ಟೂ ಮೀನನ್ನು ಅವರೇ ತಿಂದರೆಂದು ಯಾರೂ ನಂಬಲಿಲ್ಲ. ಚೀನಾಕ್ಕೆ ನಾರ್ವೆಯ ಒಟ್ಟು ರಫ್ತು ಮಾತ್ರ ಅಷ್ಟಾಗಿ ನೋಯಲಿಲ್ಲ. ಕಾಣುವ ಒಂದು ಸರಕಿಗೆ ಹೊಡೆತ, ತನಗೆ ಬೇಕಾದ ಉಳಿದ ಸರಕಿಗೆ ರಿಯಾಯಿತಿ. ಈ ಲೆಕ್ಕ ತಿಳಿಯದೆ ‘ಆರ್ಥಿಕ ದಿಗ್ಬಂಧನ’ ಎಂದು ಬರೆಯಬೇಡಿ.

2014ರಲ್ಲಿ ದಲೈ ಲಾಮಾ ಓಸ್ಲೊಗೆ ಬಂದಾಗ ಸರ್ಕಾರದವರು ಭೇಟಿಯಾಗಲಿಲ್ಲ. 2016ರ ಡಿಸೆಂಬರ್ 19ರಂದು ಜಂಟಿ ಹೇಳಿಕೆ ಬಂತು. ಚೀನಾದ ಮೂಲಭೂತ ಹಿತಾಸಕ್ತಿಗಳಿಗೆ ನಾರ್ವೆ ಹೆಚ್ಚಿನ ಮಹತ್ವ ಕೊಡುತ್ತದೆ, ಅವಕ್ಕೆ ಧಕ್ಕೆ ತರುವ ಕ್ರಮಗಳನ್ನು ಬೆಂಬಲಿಸುವುದಿಲ್ಲ ಎಂಬುದು ಅದರ ಸಾರ. ಕ್ಷಮೆ ಎಂಬ ಪದ ಎಲ್ಲೂ ಇಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎನ್ನಬೇಕು, ಕೋಲು ಸ್ವಲ್ಪ ಬಾಗಿತು ಅಷ್ಟೆ. ಮುಂದಿನ ಜುಲೈ 13ರಂದು ಲಿಯು ತೀರಿಕೊಂಡಾಗ ಓಸ್ಲೊದ ಮಾತು ಅಳೆದು ತೂಗಿದ್ದಾಗಿತ್ತು.

ಸರ್ಕಾರದಿಂದ ದೂರ ಇಟ್ಟ ಇನ್ನೊಂದು ಕೈ, ತೈಲದ ಹಣದ ನಿಧಿ. 1969ರ ಕೊನೆಗೆ ಉತ್ತರ ಸಮುದ್ರದ ಎಕೋಫಿಸ್ಕ್‌ನಲ್ಲಿ ತೈಲ ಸಿಕ್ಕಿತು. ನಿಧಿಗೆ ಮೊದಲ ಹಣ ಬಿದ್ದದ್ದು 1996ರಲ್ಲಿ. ಇಂದು ಅದು ಜಗತ್ತಿನ ಷೇರುಪೇಟೆ ಕಂಪನಿಗಳ ಸುಮಾರು ಶೇ. 1.5ರ ಒಡೆಯ. 2004ರಲ್ಲಿ ಕಂಪನಿಗಳ ನೈತಿಕತೆ ನೋಡುವ ಐದು ಜನರ ಮಂಡಳಿ ಬಂತು. ಮಂಡಳಿ ಕಂಪನಿಯನ್ನು ಪರಿಶೀಲಿಸಿ, ಷೇರು ಬಿಡಬೇಕೇ ಎಂದು ಶಿಫಾರಸು ಬರೆಯುತ್ತದೆ; ನಿರ್ಧಾರ ಮೊದಲು ಹಣಕಾಸು ಸಚಿವಾಲಯದ್ದು, 2015ರಿಂದ ಕೇಂದ್ರ ಬ್ಯಾಂಕಿನದು. ಷೇರು ಮಾರಿಯಾದ ಮೇಲೆಯೇ ಪ್ರಕಟಣೆ. ಮೊದಲೇ ಹೇಳಿದರೆ ಬೆಲೆ ಬೀಳುತ್ತದೆ. ಒಡಿಶಾದ ಪರಿಸರ ಮತ್ತು ಬುಡಕಟ್ಟು ಜನರ ವಿಚಾರದಲ್ಲಿ 2007ರಲ್ಲಿ ವೇದಾಂತ ಕಂಪನಿ ನಿಧಿಯಿಂದ ಹೊರಬಿತ್ತು, 2024ರಲ್ಲಿ ಮ್ಯಾನ್ಮಾರ್‌ನ ನಂಟಿನ ಕಾರಣಕ್ಕೆ ಅದಾನಿ ಪೋರ್ಟ್ಸ್. 2005ರಲ್ಲಿ ಗೊಂಚಲು ಬಾಂಬಿನ (ಕ್ಲಸ್ಟರ್ ಬಾಂಬ್) ಕಾರಣಕ್ಕೆ ಅಮೆರಿಕದ ಶಸ್ತ್ರಾಸ್ತ್ರ ಕಂಪನಿ ಲಾಕ್‌ಹೀಡ್ ಮಾರ್ಟಿನ್ ಕೂಡ ಹೊರಬಿದ್ದಿತ್ತು. ಅದೇ ಕಂಪನಿಯಿಂದ ನಾರ್ವೆಯ ವಾಯುಪಡೆ 52 ಎಫ್-35 ಯುದ್ಧವಿಮಾನ ಕೊಂಡಿತು. ಗೊಂಚಲು ಬಾಂಬಿನ ನಿಷೇಧ ಒಪ್ಪಂದಕ್ಕೆ 2008ರ ಡಿಸೆಂಬರಿನಲ್ಲಿ ದೇಶಗಳು ಸಹಿ ಹಾಕಿದ್ದು ಓಸ್ಲೊದಲ್ಲೇ. 2011ರಲ್ಲಿ ಲಿಬಿಯಾದ ಮೇಲೆ ನಾರ್ವೆಯ ವಿಮಾನಗಳು 588 ಬಾಂಬು ಹಾಕಿದವು. ಎರಡೂ ಅದೇ ದೇಶ. ಕಪಟವೆಂದು ಒಂದೇ ಪದದಲ್ಲಿ ತಳ್ಳಿಹಾಕುವುದು ಸುಲಭ. ನ್ಯಾಟೊದ ಲೆಕ್ಕ ಒಂದು ಕಡತದಲ್ಲಿ, ನಿಧಿಯ ಲೆಕ್ಕ ಇನ್ನೊಂದರಲ್ಲಿ, ಎರಡನ್ನೂ ಒಬ್ಬನೇ ಓದಬೇಕಾಗಿಲ್ಲ ಎಂಬುದೇ ಆ ವ್ಯವಸ್ಥೆಯ ಅನುಕೂಲ.

ಆ ಅನುಕೂಲ 2025ರಲ್ಲಿ ಗಟ್ಟಿಯಾಗಿ ಅಲುಗಾಡಿತು. ಗಾಜಾ ಯುದ್ಧದ ಹಿನ್ನೆಲೆಯಲ್ಲಿ ನಿಧಿ ಕೆಲವು ಇಸ್ರೇಲಿ ಕಂಪನಿಗಳ ಜೊತೆ ಬುಲ್ಡೋಜರ್ ತಯಾರಿಸುವ ಅಮೆರಿಕದ ಕ್ಯಾಟರ್‌ಪಿಲರ್ ಅನ್ನೂ ಕೈಬಿಟ್ಟಿತು. ವಾಷಿಂಗ್ಟನ್ ಅಸಮಾಧಾನ ತೋರಿತು. ಇದೇ ನಿಯಮ ಹಿಡಿದು ಹೋದರೆ ನಾಳೆ ದೊಡ್ಡ ಟೆಕ್ ಕಂಪನಿಗಳನ್ನೂ ಮಾರಬೇಕಾದೀತೆಂಬ ಆತಂಕ ಓಸ್ಲೊದಲ್ಲಿ ಎದ್ದಿತು. ನವೆಂಬರಿನಲ್ಲಿ ಸಂಸತ್ತು ನಿಯಮಗಳ ಮರುಪರಿಶೀಲನೆಯಾಗುವವರೆಗೆ ಹೊಸ ಹೊರಹಾಕುವಿಕೆಗೆ ತಡೆ ಕೊಟ್ಟಿತು. ಚೀನಾ ಹೇಳಿದ್ದನ್ನೇ ಅಮೆರಿಕವೂ ಹೇಳಿತು ಎನ್ನಬಹುದು: ದೂರ ಇಟ್ಟ ಕೈಯೂ ನಿಮ್ಮದೇ.

ಇನ್ನು ನಮ್ಮ ಅಂಗಳಕ್ಕೆ ಬಂದ ಕಾಗದ. ನಾರ್ವೆ, ಸ್ವಿಜರ್ಲೆಂಡ್, ಐಸ್ಲೆಂಡ್, ಲಿಕ್ಟೆನ್‌ಸ್ಟೈನ್ ಸೇರಿದ ಎಫ್ಟಾ (ಯುರೋಪಿನ ಮುಕ್ತ ವ್ಯಾಪಾರ ಸಂಘ) ಗುಂಪು ಭಾರತದ ಜೊತೆ 2008ರಲ್ಲಿ ಮಾತುಕತೆ ಆರಂಭಿಸಿ 2024ರ ಮಾರ್ಚ್ 10ರಂದು ದೆಹಲಿಯಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಜಾರಿಗೆ ಬಂದದ್ದು 2025ರ ಅಕ್ಟೋಬರ್ 1ರಂದು. ಹದಿನೈದು ವರ್ಷದಲ್ಲಿ ಹತ್ತು ಸಾವಿರ ಕೋಟಿ ಡಾಲರ್ ಹೂಡಿಕೆ, ಹತ್ತು ಲಕ್ಷ ಉದ್ಯೋಗದ ಗುರಿ ಅದರಲ್ಲಿದೆ. ಮೇಷ್ಟ್ರ ಪ್ರಶ್ನೆಗಳನ್ನು ಇದಕ್ಕೂ ಹಾಕಿ ನೋಡಿ. ‘ದುಡ್ಡು ಯಾರದು’ ಎಂದರೆ ನೇರ ಹೂಡಿಕೆಯದು. ಷೇರುಪೇಟೆಯಲ್ಲಿ ಕೊಂಡು ಮಾರುವ ಹಣ ಆ ಗುರಿಯ ಲೆಕ್ಕಕ್ಕೆ ಬರುವುದಿಲ್ಲ. ಕಾರ್ಮಿಕರು, ಪರಿಸರದ ಬಗ್ಗೆ ಒಂದು ಅಧ್ಯಾಯವೂ ಇದೆ. ಭಾರತ ಅಂಥದ್ದನ್ನು ವ್ಯಾಪಾರ ಒಪ್ಪಂದದೊಳಗೆ ಒಪ್ಪಿಕೊಂಡದ್ದು ಹೊಸದು. ಆದರೆ ಒಪ್ಪಂದದ ವಿವಾದ ಪರಿಹಾರದ ವ್ಯವಸ್ಥೆ ಆ ಅಧ್ಯಾಯಕ್ಕೆ ಅನ್ವಯಿಸುವುದಿಲ್ಲ. ತೆರಿಗೆಯ ಪಟ್ಟಿ ಮುರಿದರೆ ದೂರು ಕೊಡಬಹುದು. ಕಾರ್ಮಿಕರ ಹಕ್ಕಿನ ಮಾತು ಮುರಿದರೆ ಚಹಾ ಕುಡಿಯುತ್ತಾ ಸಮಾಲೋಚನೆ ಮಾಡಬಹುದು. ವಿಭಾಗದ ಗ್ರಂಥಾಲಯದಲ್ಲಿ ಇದರ ಪ್ರತಿ ಇಲ್ಲದಿದ್ದರೆ ವಾಣಿಜ್ಯ ಸಚಿವಾಲಯದ ಜಾಲತಾಣದಿಂದ ಇಳಿಸಿಕೊಳ್ಳಿ. ಮೇಷ್ಟ್ರ ಮೂರನೆಯ ಪ್ರಶ್ನೆಯನ್ನು ನೆನಪಿಟ್ಟುಕೊಂಡು, ಓದುವುದನ್ನು ಕೊನೆಯ ಅಧ್ಯಾಯದಿಂದ ಶುರುಮಾಡಿ.