ಜಾಗ್ವಾರ್: ಸಣ್ಣ ರೆಕ್ಕೆ, ಬಲ ಸಾಲದ ಎಂಜಿನ್, ನಮ್ಮ ಬಿಸಿಲು

ಏರೋ ಇಂಡಿಯಾ ನೋಡಲು ಬಳ್ಳಾರಿ, ಕೊಪ್ಪಳ ಕಡೆಯಿಂದ ಯಲಹಂಕಕ್ಕೆ ಹೋಗುವ ಹುಡುಗರು ತೇಜಸ್, ಸುಖೋಯ್ ಫೋಟೊ ತುಂಬಿಕೊಂಡು ಬರುತ್ತಾರೆ. ಜಾಗ್ವಾರ್ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ. ನೆಲದ ಗುರಿ ಹೊಡೆಯುವುದನ್ನೇ ಮುಖ್ಯ ಕೆಲಸ ಮಾಡಿಕೊಂಡು 1979ರಿಂದ ನಮ್ಮ ವಾಯುಪಡೆಯಲ್ಲಿ ದುಡಿಯುತ್ತಿರುವ ವಿಮಾನ ಇದು. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ರೆಕ್ಕೆ ನೋಡಬೇಕು.

ರೆಕ್ಕೆಯ ವಿಸ್ತೀರ್ಣ ಸುಮಾರು 24 ಚದರ ಮೀಟರ್, ತುದಿಯಿಂದ ತುದಿಗೆ 8.69 ಮೀಟರ್, ಅಷ್ಟೆ. ಪೂರ್ತಿ ಹೊರೆ ಹೊತ್ತಾಗ ವಿಮಾನದ ತೂಕ 15,700 ಕೆ.ಜಿ. ಅಂದರೆ ರೆಕ್ಕೆಯ ಒಂದೊಂದು ಚದರ ಮೀಟರಿನ ಮೇಲೆ 650 ಕೆ.ಜಿ. ಭಾರ. ಇದು ಬೇಕೆಂದೇ ಮಾಡಿದ್ದು. ಶತ್ರು ರೇಡಾರಿಗೆ ಸಿಗದಂತೆ ನೆಲಕ್ಕೆ ಅಂಟಿಕೊಂಡು ಹಾರುವಾಗ ಕಾದ ನೆಲದಿಂದ ಏಳುವ ಗಾಳಿ ದೊಡ್ಡ ರೆಕ್ಕೆಯನ್ನು ಕುಲುಕಿ ಹಾಕುತ್ತದೆ. ಪೈಲಟ್ ದಣಿಯುತ್ತಾನೆ, ಗುರಿ ತಪ್ಪುತ್ತದೆ. ಸಣ್ಣ ರೆಕ್ಕೆ ಅಷ್ಟಾಗಿ ಅಲುಗುವುದಿಲ್ಲ. ರೆಕ್ಕೆಯ ಹಿಂಬದಿಯನ್ನು ಉದ್ದಕ್ಕೂ ಫ್ಲ್ಯಾಪ್‌ಗೇ (ಏರುವಾಗ, ಇಳಿಯುವಾಗ ಕೆಳಗೆ ಬಾಗಿ ಎತ್ತುವ ಬಲ ಹೆಚ್ಚಿಸುವ ಪಟ್ಟಿ) ಬಿಟ್ಟುಕೊಟ್ಟಿದ್ದಾರೆ, ಆದ್ದರಿಂದ ವಿಮಾನ ಹೊರಳಿಸಲು ರೆಕ್ಕೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಇರುವ ಐಲೆರಾನ್ ಎಂಬ ಪಟ್ಟಿ ಜಾಗ್ವಾರ್‌ಗೆ ಇಲ್ಲ. ಎಡಕ್ಕೆ, ಬಲಕ್ಕೆ ಹೊರಳಲು ರೆಕ್ಕೆ ಮೇಲಿನ ಸ್ಪಾಯ್ಲರ್ ಎಂಬ ಹಲಗೆಗಳು ಎದ್ದು ನಿಲ್ಲುತ್ತವೆ, ಬಾಲದ ಎರಡು ಪಟ್ಟಿಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತವೆ.

ಈ ಸುಖದ ಲೆಕ್ಕ ಚುಕ್ತಾ ಆಗುವುದು ರನ್‌ವೇ ಮೇಲೆ. ಭಾರತೀಯ ಜಾಗ್ವಾರ್‌ನಲ್ಲಿರುವುದು ಎರಡು ಅಡೋರ್ 811 ಎಂಜಿನ್. ಆಫ್ಟರ್‌ಬರ್ನರ್ (ಎಂಜಿನ್ನಿನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಏರ್ಪಾಡು) ಹಾಕಿದಾಗ ಒಂದೊಂದರ ನೂಕುಬಲ ಸುಮಾರು 37 ಕಿಲೋನ್ಯೂಟನ್, ಅಂದರೆ ಸುಮಾರು 3,800 ಕೆ.ಜಿ. ಭಾರಕ್ಕೆ ಸಮ. ಎರಡನ್ನೂ ಕೂಡಿಸಿದರೂ ಪೂರ್ತಿ ತೂಕದ ಅರ್ಧಕ್ಕೆ ಮುಟ್ಟುವುದಿಲ್ಲ. ಈ ಅಂಕಿ ಕೂಡ ಸಮುದ್ರಮಟ್ಟದ, 15 ಡಿಗ್ರಿ ಹವೆಯದು. ಬಳ್ಳಾರಿಯ ಮೇ ತಿಂಗಳು ಹಿಡಿಯಿರಿ: ಎತ್ತರ 480 ಮೀಟರ್ ಆಸುಪಾಸು, ಬಿಸಿಲು 42 ಡಿಗ್ರಿ. ಗಾಳಿಯ ಸಾಂದ್ರತೆ ಶೇ. 13ರಿಂದ 14ರಷ್ಟು ಇಳಿದಿರುತ್ತದೆ. ತೆಳು ಗಾಳಿಯಲ್ಲಿ ಅಷ್ಟೇ ತೂಕ ಎತ್ತಲು ಹೆಚ್ಚು ವೇಗ ಬೇಕು, ಆ ವೇಗ ಕೊಡಬೇಕಾದ ಎಂಜಿನ್ನಿಗೂ ಅದೇ ತೆಳು ಗಾಳಿ. ನೂಕುಬಲವೂ ಅದೇ ಪ್ರಮಾಣದಲ್ಲಿ ಇಳಿಯಿತು ಎಂದಿಟ್ಟುಕೊಂಡರೆ ಟೇಕಾಫ್ ಓಟ ಮೂರನೇ ಒಂದು ಪಾಲು ಉದ್ದವಾಗುತ್ತದೆ. ಜಾಗ್ವಾರ್ ನೆಲೆಗಳಾದ ಅಂಬಾಲಾ, ಜಾಮ್‌ನಗರದ ಬೇಸಿಗೆಗೂ ಇದೇ ಬಗೆಯ ಲೆಕ್ಕ. ಆಗ ಇರುವ ದಾರಿ ಎರಡು: ಬಾಂಬು ಕಡಿಮೆ ಮಾಡುವುದು, ಇಲ್ಲವೇ ಇಂಧನ ಕಡಿಮೆ ತುಂಬಿ ಎದ್ದು ಆಕಾಶದಲ್ಲಿ ಟ್ಯಾಂಕರ್ ವಿಮಾನದಿಂದ ತುಂಬಿಸಿಕೊಳ್ಳುವುದು. ಎರಡನೆಯದಕ್ಕಾಗಿಯೇ ಮೂತಿಯ ಬಲಗಡೆ ಒಳಸೇರುವ ಕೊಳವೆ ಇದೆ.

ಎಂಜಿನ್ ಸಾಲದು ಎಂಬುದು ಶುರುವಿನಿಂದಲೂ ಗೊತ್ತಿದ್ದ ಸಂಗತಿ. ಒಂದು ಎಂಜಿನ್ ಕೆಟ್ಟು ಇಳಿಯುವಾಗ ಇನ್ನೊಂದರ ಆಫ್ಟರ್‌ಬರ್ನರ್ ಇಲ್ಲದ ಗರಿಷ್ಠ ಬಲ ಸಾಲುತ್ತಿರಲಿಲ್ಲ; ಆಫ್ಟರ್‌ಬರ್ನರ್ ಹೊತ್ತಿಸಿದರೆ ಅತಿಯಾಗುತ್ತಿತ್ತು. ನಡುವಿನ ಬಲ ಎಂಬುದೇ ಇರಲಿಲ್ಲ. ಥ್ರಾಟಲ್ ಪೂರ್ತಿ ತೆರೆಯದೆಯೂ ಆಫ್ಟರ್‌ಬರ್ನರ್ ಉರಿಯುವ ಏರ್ಪಾಡು ಮಾಡಿ ಆ ಕಂದಕ ಮುಚ್ಚಿದರು. ನಮ್ಮದೇ ಹಳೆಯ ಯುದ್ಧವಿಮಾನ ಮಾರುತ್‌ಗೆ ಅಂಟಿದ ರೋಗವೂ ಇದೇ ಜಾತಿಯದು: ಜರ್ಮನ್ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ರೂಪಿಸಿದ ಒಳ್ಳೆಯ ದೇಹಕ್ಕೆ ಕೊನೆಗೂ ದಕ್ಕಿದ್ದು ಆಫ್ಟರ್‌ಬರ್ನರ್ ಇಲ್ಲದ ಆರ್ಫಿಯಸ್ ಎಂಜಿನ್.

ಇನ್ನು ಮಾದರಿಗಳು. ಬ್ರಿಟನ್, ಫ್ರಾನ್ಸ್ ಕೂಡಿ ಮಾಡಿದ ಈ ವಿಮಾನ ಮೊದಲು ಹಾರಿದ್ದು 1968ರ ಸೆಪ್ಟೆಂಬರಿನಲ್ಲಿ. ಫ್ರಾನ್ಸ್ 160 ಒಂಟಿ ಸೀಟಿನ 'ಎ', 40 ಜೋಡಿ ಸೀಟಿನ 'ಇ' ತೆಗೆದುಕೊಂಡಿತು. ಬ್ರಿಟನ್ನಿನ ಒಂಟಿ ಸೀಟಿನದು 'ಎಸ್', ಜೋಡಿಯದು 'ಬಿ'. ಫ್ರೆಂಚ್ ನೌಕಾಪಡೆಗೆಂದು 'ಎಂ' ಎಂಬ ಒಂದೇ ಒಂದು ಪ್ರಾಯೋಗಿಕ ವಿಮಾನ ತಯಾರಾಗಿ ಹಡಗಿನ ಮೇಲೂ ಇಳಿಯಿತು, ಆದರೆ ಕೆಲಸ ಸಿಕ್ಕಿದ್ದು ಸೂಪರ್ ಎತಾಂದಾರ್ ಎಂಬ ಫ್ರೆಂಚ್ ವಿಮಾನಕ್ಕೆ.

ನಮ್ಮಲ್ಲಿ ಮೂರು ಬಗೆ. ಗುರುತು ಹಿಡಿಯಲು ಮೂತಿಯೇ ಸಾಕು. 'ಐಎಸ್' ಒಂಟಿ ಸೀಟಿನ ದಾಳಿ ವಿಮಾನ. ಮೂತಿ ಉಳಿಯ ಹಾಗೆ ಓರೆಯಾಗಿ ಕತ್ತರಿಸಿದ್ದು, ಅದರ ಗಾಜಿನ ಹಿಂದೆ ದೂರ ಅಳೆಯುವ ಲೇಸರ್. 'ಐಬಿ' ತರಬೇತಿಗೆ, ಜೋಡಿ ಸೀಟು. 'ಐಎಂ' ಸಮುದ್ರದ ಮೇಲಿನ ದಾಳಿಗೆ, ಮೂತಿ ದುಂಡು, ಒಳಗೆ ರೇಡಾರ್. ಮೊದಲಿದ್ದದ್ದು ಫ್ರೆಂಚ್ ಅಗಾವ್, ಆಮೇಲೆ ಇಸ್ರೇಲಿನ ಎಲ್ಟಾ. ಹಡಗು ಹೊಡೆಯಲು ಮೊದಲು ಸೀ ಈಗಲ್, ನಂತರ ಹಾರ್ಪೂನ್ ಕ್ಷಿಪಣಿ. ಇನ್ನೊಂದು ಗುರುತು ರೆಕ್ಕೆಯ ಮೇಲ್ಗಡೆ ಇರುವ ಕ್ಷಿಪಣಿ ಹಳಿ. ಕೆಳಗಿನ ಜಾಗವೆಲ್ಲ ಬಾಂಬು, 1,200 ಲೀಟರಿನ ಟ್ಯಾಂಕುಗಳಿಗೆ ಹೋಗುವುದರಿಂದ ಆತ್ಮರಕ್ಷಣೆಯ ಕ್ಷಿಪಣಿ ಮೇಲೇರಿತು. ಬೇರೆ ಯುದ್ಧವಿಮಾನಗಳಲ್ಲಿ ಇದು ತೀರಾ ಅಪರೂಪ.

ಒಳಗಿನ ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಮಾತ್ರ ನಮ್ಮವರದ್ದು ಮೆಚ್ಚುವ ಕೆಲಸ. ದಾರಿ ತೋರಿಸುವ, ಗುರಿ ಇಡುವ ಬ್ರಿಟಿಷರ ಮೂಲ ವ್ಯವಸ್ಥೆಯ ಜಾಗಕ್ಕೆ ನಮ್ಮವರ ಡಾರಿನ್ ಎಂಬ ವ್ಯವಸ್ಥೆ ಬಂತು. ಡಾರಿನ್-2ರಲ್ಲಿ ವಿಮಾನದ ತಿರುಗುವಿಕೆ ಅಳೆಯುವ ಲೇಸರ್ ಗೈರೊ, ಜಿಪಿಎಸ್. ಡಾರಿನ್-3ರಲ್ಲಿ ಪರದೆಗಳ ಕಾಕ್‌ಪಿಟ್, ಕಿರಣವನ್ನು ಎಲೆಕ್ಟ್ರಾನಿಕ್ ಆಗಿಯೇ ತಿರುಗಿಸುವ ಎಇಎಸ್‌ಎ ರೇಡಾರ್. ಮೂತಿಯಲ್ಲಿ ರೇಡಾರ್ ಕೂತ ಮೇಲೆ ಉಳಿಯ ಆಕಾರ ಉಳಿಯುವುದಿಲ್ಲ, ಗುರುತು ಹಿಡಿಯುವವರು ಇದನ್ನು ನೆನಪಿಡಬೇಕು.

ತಲೆ ಹೊಸದಾಯಿತು, ಕಾಲಿನ ಕಸುವು ಹಳೆಯದೇ. ಸುಮಾರು 44 ಕಿಲೋನ್ಯೂಟನ್ ಕೊಡುವ ಹನಿವೆಲ್ ಎಫ್125 ಎಂಜಿನ್ ಹಾಕುವ ಯೋಜನೆ ವರ್ಷಗಟ್ಟಲೆ ಎಳೆದಾಡಿ, ದುಬಾರಿಯೆಂದು 2019ರಲ್ಲಿ ಬಿದ್ದುಹೋಯಿತು. ನನ್ನ ಮಟ್ಟಿಗೆ ಜಾಗ್ವಾರ್ ವಿಷಯದಲ್ಲಿ ನಾವು ಕಳೆದುಕೊಂಡ ಅತಿ ದೊಡ್ಡ ಅವಕಾಶ ಅದು. ಬ್ರಿಟನ್, ಫ್ರಾನ್ಸ್, ಒಮಾನ್ ಎಲ್ಲರೂ ಇದನ್ನು ನಿವೃತ್ತಿ ಮಾಡಿಯಾಗಿದೆ. ಈಗ ಹಾರಿಸುತ್ತಿರುವವರು ನಾವೊಬ್ಬರೇ. ಬಿಡಿಭಾಗಕ್ಕೆ ಬೇರೆ ದೇಶಗಳು ಬಿಟ್ಟ ಹಳೇ ವಿಮಾನಗಳೇ ಗತಿ, ದುರಸ್ತಿಗೆ ಬೆಂಗಳೂರಿನ ಎಚ್‌ಎಎಲ್ಲೇ ಆಸರೆ.